ಬರಿದಾದ ಹಟ್ಟಿಯಲ್ಲೊಂದು ಕೋಳಿಗೂಡು

ಕಾಸರಗೋಡಿನ ಒಳನಾಡಿನ ಹಿತ್ತಿಲುಗಳನ್ನು ನೋಡುತ್ತ ಹೋದರೆ ಒಂದು ಬಗೆಯ ಕಟ್ಟಡವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮುರಕಲ್ಲಿನ ಮೋಟು ಗೋಡೆ, ಅದರ ಮೇಲೆ ನಾಲ್ಕಾರು ಕಂಬಗಳು, ತಗ್ಗಾದ ಹಂಚಿನ ಮಾಡು, ಒಳಗೆ ಸವೆದುಹೋದ ಗೋದಲಿ. ಅದೇ ಹಟ್ಟಿ. ಒಂದು ಕಾಲದಲ್ಲಿ ಮನೆತನದ ಐಶ್ವರ್ಯವನ್ನು ಅಲ್ಲಿ ಕಟ್ಟಿದ ದನಗಳ ಸಂಖ್ಯೆಯಿಂದ ಅಳೆಯುತ್ತಿದ್ದರು. ಇಂದು ಎಷ್ಟೋ ಹಟ್ಟಿಗಳು ಒಡೆದ ಹಂಚು, ತೂತು ಬಿದ್ದ ಕೊಡಪಾನ, ಒಣಗಿದ ಮಡಲುಗಳ ದಾಸ್ತಾನಾಗಿ ಉಳಿದಿವೆ. ಮಕ್ಕಳು ಮಂಗಳೂರಿಗೋ ಬೆಂಗಳೂರಿಗೋ ಗಲ್ಫ್ ನಾಡಿಗೋ ಹೋಗಿದ್ದಾರೆ. ಹುಲ್ಲು ಹೆರೆದು ತರುವ ಕೈಗಳಿಲ್ಲ. ಹಸುವನ್ನು ಸಾಕುವುದು ಮನಸ್ಸಿದ್ದರೂ ಮೈಗೆ ಕೂಡದ ಕೆಲಸವಾಗಿದೆ.

ನಮ್ಮ ಮನೆಯ ಕಥೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಕೊನೆಯದಾಗಿ ಇದ್ದುದು ‘ಕಾಸರಗೋಡು ಗಿಡ್ಡ’ ಎಂದು ಹೆಸರಾದ ನಮ್ಮೂರಿನದೇ ಸಣ್ಣ ತಳಿಯ ಒಂದು ಹಸು ಮತ್ತು ಅದರ ಕರು. 2021ರಲ್ಲಿ ಮಾವನವರು ತೀರಿಕೊಂಡ ಬಳಿಕ ಅವನ್ನು ನೋಡಿಕೊಳ್ಳುವುದು ಸಾಧ್ಯವಾಗದೆ, ಪರಿಚಯದ ಒಂದು ಮನೆಗೆ ಕೊಟ್ಟುಬಿಟ್ಟೆವು. ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಆಗ ಒಂದು ಮಾತನ್ನೂ ಆಡಲಿಲ್ಲ. ಆದರೆ ದೀಪ ಹೊತ್ತಿಸುವ ಹೊತ್ತಿಗೆ ಟಾರ್ಚು ಹಿಡಿದು ಹಟ್ಟಿಯ ಕಡೆಗೆ ಹೋಗಿಬರುವ ಅವರ ಐವತ್ತು ವರ್ಷಗಳ ರೂಢಿ ಮಾತ್ರ ನಿಲ್ಲಲಿಲ್ಲ. ಹೋಗುತ್ತಿದ್ದರು, ಬರಿದಾದ ಗೋದಲಿಯನ್ನು ನೋಡುತ್ತಿದ್ದರು, ಹಿಂದಿರುಗಿ ಬಂದು ಜಗಲಿಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತಿದ್ದರು. ಕೆಲವು ತಿಂಗಳು ಹೀಗೆಯೇ ಕಳೆಯಿತು. ಒಂದು ದಿನ ಅವರೇ ಬಾಯಿ ಬಿಟ್ಟು ಹೇಳಿದರು: “ಹಟ್ಟಿ ಖಾಲಿ ಇರುವುದು ಮನೆಗೆ ಲಕ್ಷಣವಲ್ಲ ಮಾರಾಯ್ತಿ. ದನ ಬೇಡ, ನಾಲ್ಕು ಕೋಳಿಯಾದರೂ ಇರಲಿ. ಅಷ್ಟು ನನ್ನಿಂದ ನೋಡಿಕೊಳ್ಳಲು ಆಗುತ್ತದೆ.”

ಹಟ್ಟಿಯನ್ನು ಕೋಳಿಗೂಡನ್ನಾಗಿ ಮಾರ್ಪಡಿಸುವ ನಮ್ಮ ಪ್ರಯತ್ನ ಆರಂಭವಾದುದು ಹೀಗೆ. ಅದರಲ್ಲಿ ಮೊದಲು ಸೋತು, ಆಮೇಲೆ ಕಲಿತ ಸಂಗತಿಗಳನ್ನು ನಮ್ಮಂಥ ಇತರ ಕುಟುಂಬಗಳಿಗೆ ಪ್ರಯೋಜನವಾದೀತೆಂಬ ನಂಬಿಕೆಯಿಂದ ಇಲ್ಲಿ ಬರೆದಿದ್ದೇನೆ.

ತಪ್ಪು ಜಾಗದಲ್ಲಿ ಮಾಡಿದ ಉಳಿತಾಯ

ಮನೆವಾರ್ತೆಯ ಲೆಕ್ಕ ನನ್ನ ಕೈಯಲ್ಲಿದ್ದುದರಿಂದ ಖರ್ಚು ಆದಷ್ಟು ಕಡಿಮೆಯಾಗಬೇಕೆಂಬ ಹಟವೂ ನನ್ನದೇ ಆಗಿತ್ತು. ಅಂಗಡಿಯಲ್ಲಿ ಎರಡು ಬಗೆಯ ಬಲೆಗಳಿದ್ದವು. ಒಂದು, ಆರು ಮೂಲೆಯ ಕಣ್ಣುಗಳಿರುವ, ತೆಳುತಂತಿಯ ಸಾಮಾನ್ಯ ಕೋಳಿಬಲೆ. ಇನ್ನೊಂದು, ಅರ್ಧ ಅಂಗುಲದ ಚೌಕಕಣ್ಣುಗಳ ಬೆಸುಗೆ ಹಾಕಿದ ಬಲೆ; ಅಂಗಡಿಯವರು ಇದನ್ನು ವೆಲ್ಡ್ ಮೆಶ್ ಎನ್ನುತ್ತಾರೆ. ಎರಡನೆಯದರ ಬೆಲೆ ಮೊದಲನೆಯದರ ಮೂರು ಪಟ್ಟಿಗಿಂತ ಹೆಚ್ಚು. ‘ಕೋಳಿಬಲೆ’ ಎಂಬ ಹೆಸರೇ ಇರುವಾಗ ಬೇರೆಯದು ಏಕೆ ಎಂದುಕೊಂಡು 1,400 ರೂಪಾಯಿಗೆ ಅಗ್ಗದ ಬಲೆಯನ್ನೇ ತಂದೆ. ಗೋಡೆಯಿಂದ ಮಾಡಿನವರೆಗಿನ ತೆರಪಿಗೆ ಅದನ್ನು ಬಿಗಿದು, ಎರಡು ತಿಂಗಳ 12 ಹೇಂಟೆಮರಿಗಳನ್ನು ತಲಾ 150 ರೂಪಾಯಿಯಂತೆ ಕೊಂಡು ತಂದೆವು.

2022ರ ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಸುರಿಯುವ ಮಳೆಯ ಸದ್ದಿನಲ್ಲಿ ಯಾವ ಕೂಗೂ ನಮಗೆ ಕೇಳಿಸಲಿಲ್ಲ. ಬೆಳಿಗ್ಗೆ ಹೋದಾಗ ಬಲೆಯ ಒಂದು ಮೂಲೆ ಹರಿದು ಒಳಕ್ಕೆ ಬಾಗಿತ್ತು. ಒಂಬತ್ತು ಕೋಳಿಗಳು ಕುತ್ತಿಗೆ ಕಚ್ಚಿಸಿಕೊಂಡು ನೆಲದಲ್ಲಿ ಬಿದ್ದಿದ್ದವು. ಎರಡು ಕಾಣೆಯಾಗಿದ್ದವು. ಒಂದೇ ಒಂದು ಮರಿ ಹೇಗೋ ಮೇಲಿನ ಪಕ್ಕಾಸಿಗೆ ಹಾರಿ ಕುಳಿತು ಬದುಕಿತ್ತು. ಕೆಸರಿನಲ್ಲಿ ಮೂಡಿದ ಹೆಜ್ಜೆಗಳನ್ನು ನೋಡಿ, ಇದು ಪುನುಗಿನ ಕೆಲಸವೆಂದು ನೆರೆಮನೆಯ ಹಿರಿಯರು ಹೇಳಿದರು. ಸತ್ತವುಗಳನ್ನು ತೆಂಗಿನ ಬುಡದಲ್ಲಿ ಹೊಂಡ ತೋಡಿ ಹೂತೆವು. ಅತ್ತೆಯವರು ಅಂದು ಊಟ ಮಾಡಲಿಲ್ಲ. “ನಂಬಿ ಬಂದ ಜೀವಗಳು” ಎಂದಷ್ಟೇ ಹೇಳಿದರು. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ಅಂದು ರಾತ್ರಿ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದೆ. ಬಲೆಗೆ 1,400, ಮರಿಗಳಿಗೆ 1,800, ಒಟ್ಟು 3,200 ರೂಪಾಯಿ. ಗಟ್ಟಿಯಾದ ಬಲೆಯನ್ನು ಕೊಳ್ಳದೆ ಉಳಿಸಿದೆನೆಂದು ಹಿಗ್ಗಿದ್ದ ಹಣವೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಆ ಗಟ್ಟಿ ಬಲೆಯನ್ನು ಹೇಗೂ ಕೊಳ್ಳಲೇಬೇಕಾಯಿತು. ತೆಳುತಂತಿಯ ಬಲೆಯು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ವಿನಾ ವೈರಿ ಒಳಗೆ ಬಾರದಂತೆ ತಡೆಯಲಾರದು ಎಂಬ ಸಣ್ಣ ಸತ್ಯಕ್ಕೆ ನಾನು ತೆತ್ತ ಬೆಲೆ ಇದು.

ಕೋಳಿಗೂಡಿನ ವಿಷಯದಲ್ಲಿ ಮಿತವ್ಯಯವೆಂದರೆ ಎಲ್ಲದರಲ್ಲಿಯೂ ಕೈ ಬಿಗಿಹಿಡಿಯುವುದಲ್ಲ. ಗೋಡೆ, ಮಾಡು, ಬಾಗಿಲು, ಮೊಟ್ಟೆಯ ಬುಟ್ಟಿ, ಕೂರುವ ಕೋಲು ಇವೆಲ್ಲವನ್ನೂ ಹಿತ್ತಿಲಿನಿಂದಲೇ ಒದಗಿಸಿಕೊಳ್ಳಬಹುದು. ಕೈಯಲ್ಲಿರುವ ಹಣವನ್ನು ರಾತ್ರಿಯ ಕಾವಲಿಗಾಗಿ, ಅಂದರೆ ಬಲೆಗೂ ಚಿಲಕಕ್ಕೂ ಮೀಸಲಿಡಬೇಕು.

ಹಟ್ಟಿಯ ಪರೀಕ್ಷೆ

ಎರಡನೆಯ ಪ್ರಯತ್ನಕ್ಕೆ ಇಳಿಯುವ ಮೊದಲು ಪಶುಸಂಗೋಪನೆಯ ಒಂದು ಕರಪತ್ರವನ್ನು ಸಂಪಾದಿಸಿದೆವು. ಅದು ಮಲಯಾಳದಲ್ಲಿತ್ತು. ಅತ್ತೆಯವರಿಗೂ ನನಗೂ ಆ ಲಿಪಿಯ ಪರಿಚಯ ಅಷ್ಟಕ್ಕಷ್ಟೆ. ಶಾಲೆಯಲ್ಲಿ ಮಲಯಾಳ ಕಲಿಯುತ್ತಿರುವ ಮಗಳು ಓದಿ ಹೇಳಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಗಡಿನಾಡಿನ ನಮ್ಮ ಮನೆಗಳಲ್ಲಿ ಇದು ಹೊಸ ಸಂಗತಿಯೇನೂ ಅಲ್ಲ. ಆ ಟಿಪ್ಪಣಿಯ ಪುಸ್ತಕಕ್ಕೆ ಬಳಿಕ ಅನುಭವವೂ ಸೇರಿಕೊಂಡಿತು.

ಹಳೆಯ ಹಟ್ಟಿಯನ್ನಾಗಲಿ, ಸೌದೆಕೊಟ್ಟಿಗೆಯನ್ನಾಗಲಿ ಕೋಳಿಗೂಡು ಮಾಡುವ ಮುನ್ನ ನಾಲ್ಕು ವಿಷಯಗಳನ್ನು ಪರೀಕ್ಷಿಸತಕ್ಕದ್ದು. ಮೊದಲನೆಯದು ಮಾಡು. ಮಳೆಗಾಲದಲ್ಲಿ ಒಳಗೆ ನಿಂತು ನೋಡಿದರೆ ಸೋರುವ ಹಂಚು ಯಾವುದೆಂದು ತಾನಾಗಿಯೇ ತಿಳಿಯುತ್ತದೆ. ಎರಡನೆಯದು ನೆಲ. ಸುತ್ತಲಿನ ಅಂಗಳಕ್ಕಿಂತ ಹಟ್ಟಿಯ ನೆಲವು ಅರ್ಧ ಅಡಿಯಾದರೂ ಎತ್ತರದಲ್ಲಿರಬೇಕು. ಇಲ್ಲವಾದರೆ ಒರತೆ ನೀರು ಒಳಗೆ ಬಂದು ಹಾಸು ಕೊಳೆಯುತ್ತದೆ. ಮೂರನೆಯದು ಮರ. ಗೆದ್ದಲು ಹಿಡಿದ ಕಂಬಕ್ಕೆ ಹೊಡೆದ ಆಣಿ ನಿಲ್ಲುವುದಿಲ್ಲ. ನಾಲ್ಕನೆಯದು ದಿಕ್ಕು. ಉದ್ದವು ಪೂರ್ವ ಪಶ್ಚಿಮವಾಗಿದ್ದರೆ ನಡುಹಗಲಿನ ಬಿಸಿಲು ನೇರವಾಗಿ ಒಳಗೆ ಹೊಗುವುದಿಲ್ಲ. ನಮ್ಮ ಹಟ್ಟಿ ಹಾಗೆಯೇ ಇತ್ತು. ಕಟ್ಟಿದ ಹಿರಿಯರು ದನಗಳಿಗಾಗಿ ಮಾಡಿದ ಆಲೋಚನೆ ಕೋಳಿಗಳಿಗೂ ಒದಗಿತು.

ನಮ್ಮ ಹಟ್ಟಿಯ ಉದ್ದ 14 ಅಡಿ, ಅಗಲ 9 ಅಡಿ. ಇದರಲ್ಲಿ ಅರ್ಧವನ್ನು ಮಾತ್ರ, ಎಂದರೆ 7 ಅಡಿಗೆ 9 ಅಡಿಯ ಭಾಗವನ್ನು, ಕೋಳಿಗಳಿಗೆ ಬಿಟ್ಟೆವು. ಉಳಿದರ್ಧವು ಉಮಿಯ ಚೀಲ, ಕಾಳಿನ ಡಬ್ಬ, ಗುದ್ದಲಿ ಬುಟ್ಟಿಗಳಿಗೆ. ಮೊಟ್ಟೆಕೋಳಿಯೊಂದಕ್ಕೆ ಹಾಸಿನ ಮೇಲೆ ಸುಮಾರು 2 ಚದರಡಿ ಸ್ಥಳ ಬೇಕೆಂಬುದು ಸಾಮಾನ್ಯ ಲೆಕ್ಕ. ಆ ಪ್ರಕಾರ 63 ಚದರಡಿಯಲ್ಲಿ 30 ಕೋಳಿಗಳು ಹಿಡಿಯಬಹುದು. ಆದರೆ ಜಾಗವಿದೆಯೆಂದು ಕೋಳಿಗಳನ್ನು ತುಂಬುವುದು ಜಾಣತನವಲ್ಲ. ಎಡೆ ಸಾಲದಾದರೆ ಒಂದನ್ನೊಂದು ಕುಕ್ಕುವ ಚಾಳಿ ಅಂಟಿಕೊಳ್ಳುತ್ತದೆ, ರೋಗವೂ ಬೇಗನೆ ಹರಡುತ್ತದೆ. ಹಗಲಿನಲ್ಲಿ ಹೊರಗೆ ಬಿಡುವ ಮನೆಗಳಿಗೆ ಹತ್ತು ಹನ್ನೆರಡು ಹೇಂಟೆಗಳು, ಒಂದು ಹುಂಜ ಧಾರಾಳವಾಯಿತು.

ಗಾಳಿ ಬೇಕು, ಎರಚಲು ಬೇಡ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಭಾಗವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗೆ ಹೆದರಿ ಗೂಡನ್ನು ಸುತ್ತಲೂ ಮುಚ್ಚಿಬಿಡುವುದು ಅನೇಕರು ಮಾಡುವ ತಪ್ಪು. ಕೋಳಿಯ ಹಿಕ್ಕೆಯು ತೇವವಾದಾಗ ಅಮೋನಿಯಾ ಅನಿಲ ಹೊರಡುತ್ತದೆ. ಬಾಗಿಲು ತೆರೆದೊಡನೆ ಕಣ್ಣು ಉರಿಯುವಂತಿದ್ದರೆ ರಾತ್ರಿಯಿಡೀ ಅದನ್ನೇ ಉಸಿರಾಡಿದ ಕೋಳಿಗಳ ಪಾಡೇನು? ಕೆಮ್ಮು, ನೆಗಡಿ, ಕಣ್ಣಿನ ಬೇನೆಗಳಿಗೆ ಇದೇ ದಾರಿ. ಆದುದರಿಂದ ಕೋಳಿ ಕೂರುವ ಎತ್ತರದವರೆಗೆ ಗೋಡೆ, ಅದರ ಮೇಲೆ ಗಾಳಿಯಾಡುವ ಬಲೆ ಎಂಬ ಏರ್ಪಾಡೇ ನಮ್ಮ ಹವೆಗೆ ಹೊಂದುತ್ತದೆ. ದನದ ಹಟ್ಟಿಯಲ್ಲಿ ಈ ಏರ್ಪಾಡು ಮೊದಲೇ ಇರುತ್ತದೆ. ನಮ್ಮದರಲ್ಲಿ ಮೂರು ಅಡಿ ಗೋಡೆ, ಮೇಲೆ ಎರಡೂವರೆ ಅಡಿ ತೆರಪು.

ಎರಚಲನ್ನು ತಡೆಯಲು ಪಡುವಣ ಮತ್ತು ತೆಂಕಣ ದಿಕ್ಕುಗಳಲ್ಲಿ ಮಾಡಿನ ಅಂಚಿಗೆ ಹೆಣೆದ ಮಡಲುಗಳನ್ನು ಇಳಿಬಿಟ್ಟೆವು. ಪತ್ತನಾಜೆಯ ಮೊದಲು ಕಟ್ಟಿ, ಮಳೆ ಹಿಂತೆಗೆದ ಮೇಲೆ ಬಿಚ್ಚಿದರಾಯಿತು. ಅಡಿಕೆ ತೋಟವಿರುವವರು ಸೋಗೆಯನ್ನು ಬಳಸಬಹುದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಬಲೆಯ ಕೆಲಸ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಡೆಯ ಕೋಳಿಗಳಿಗೆ ವೈರಿಗಳು ಅನೇಕ. ಮುಂಗುಸಿಯು ಹಗಲಿನ ಬೇಟೆಗಾರ. ಪುನುಗು, ಕಾಡುಬೆಕ್ಕು, ನರಿಗಳು ರಾತ್ರಿಯವು. ಬೀದಿನಾಯಿಗಳಿಗೆ ಹೊತ್ತುಗೊತ್ತಿಲ್ಲ. ಕೇರೆಹಾವೂ ನಾಗರಹಾವೂ ಮೊಟ್ಟೆ ಮತ್ತು ಮರಿಗಳಿಗಾಗಿ ಬರುತ್ತವೆ. ಹೆಬ್ಬಾವು ಸಂದಿಯಲ್ಲಿ ನುಸುಳಿ ಕೋಳಿಯನ್ನು ನುಂಗಿ, ಹೊಟ್ಟೆ ಉಬ್ಬಿ ಹೊರಗೆ ಹೋಗಲಾರದೆ ಗೂಡಿನೊಳಗೇ ಸುರುಳಿ ಸುತ್ತಿಕೊಂಡಿರುವುದು ನಮ್ಮೂರುಗಳಲ್ಲಿ ಅಪರೂಪದ ಸಂಗತಿಯಲ್ಲ. ಹಾಗೆ ಕಂಡಾಗ ಅದಕ್ಕೆ ಹೊಡೆಯಕೂಡದು. ಹೆಬ್ಬಾವು ಕಾನೂನಿನ ರಕ್ಷಣೆಯಿರುವ ಪ್ರಾಣಿ. ಅರಣ್ಯ ಇಲಾಖೆಗೆ ತಿಳಿಸಿದರೆ ಬಂದು ಒಯ್ಯುತ್ತಾರೆ. ನಾಗನಿಗೆ ತಂಬಿಲ ಕೊಡುವ ಮನೆಯವರು ನಾವು. ಹಾವನ್ನು ಕೊಲ್ಲುವ ಪ್ರಸಂಗವೇ ಬಾರದಂತೆ ಸಂದಿಯನ್ನು ಮುಚ್ಚುವುದು ಹಾವಿಗೂ ಕೋಳಿಗೂ ಕ್ಷೇಮ.

ನಾವು ಮೂರು ಅಡಿ ಅಗಲದ, ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ಶನ್ನು 75 ಅಡಿ ಉದ್ದಕ್ಕೆ ತಂದೆವು. ಅದರ ಹಂಚಿಕೆ ಹೀಗಿತ್ತು: ಮೂರು ಬದಿಯ ತೆರಪಿಗೆ 23 ಅಡಿ, ಹಟ್ಟಿಯನ್ನು ಎರಡಾಗಿ ವಿಭಾಗಿಸುವ ಅಡ್ಡತಡಿಕೆಗೆ, ಬಾಗಿಲೂ ಸೇರಿದಂತೆ, 18 ಅಡಿ, ಮೇಲ್ಗಡೆ ಹಂಚಿನ ಕೆಳಗೆ ಮುಚ್ಚಿಗೆಯಾಗಿ 27 ಅಡಿ, ಅಡ್ಡತಡಿಕೆಯ ಬುಡಕ್ಕೆ 3 ಅಡಿ, ಉಳಿದುದು ಮೂಲೆಗಳ ಜೋಡಣೆಗೆ.

ಇವುಗಳಲ್ಲಿ ಎರಡು ಅಂಶಗಳನ್ನು ಅನೇಕರು ಮರೆಯುತ್ತಾರೆ. ಒಂದು, ಮೇಲಿನ ಮುಚ್ಚಿಗೆ. ಪುನುಗು ಮರವೇರುವ ಪ್ರಾಣಿ. ಹಂಚನ್ನು ಸರಿಸಿ ಇಳಿಯುವುದು ಅದಕ್ಕೆ ಕಷ್ಟವಲ್ಲ. ಇನ್ನೊಂದು, ಬುಡ. ಕಲ್ಲಿನ ಪಂಚಾಂಗವಿರುವ ಕಡೆ ಭಯವಿಲ್ಲ, ಆದರೆ ಮಣ್ಣಿನ ಮೇಲೆಯೇ ನಿಂತ ತಡಿಕೆಯ ಅಡಿಯಲ್ಲಿ ಮುಂಗುಸಿಯೂ ಹೆಗ್ಗಣವೂ ತೋಡಿಕೊಂಡು ಬರುತ್ತವೆ. ಆದಕಾರಣ ಅಲ್ಲಿ ಒಂದು ಅಡಿ ಅಗಲದ ಬಲೆಯನ್ನು ಮಣ್ಣಿನೊಳಗೆ ಇಳಿಸಿ ಕಲ್ಲು ಗಾರೆಯಿಂದ ಮುಚ್ಚಬೇಕು. ಬಲೆಯನ್ನು ಬರಿಯ ಆಣಿಗೆ ಸಿಕ್ಕಿಸಿದರೆ ಸಾಲದು. ಯು ಆಕಾರದ ಆಣಿಗಳನ್ನು ಮೂರು ಮೂರು ಅಂಗುಲಕ್ಕೆ ಹೊಡೆದು, ಮೇಲಿನಿಂದ ಅಡಿಕೆಮರದ ಸಲಾಕೆಯ ಪಟ್ಟಿಯನ್ನು ಒತ್ತಿ ಕೂರಿಸಬೇಕು. ನಮ್ಮ ಮೊದಲಿನ ಬಲೆ ಹರಿದುದು ನಡುವಿನಲ್ಲಲ್ಲ, ಮೂಲೆಯ ಆಣಿಯ ಬಳಿಯಲ್ಲಿ.

ಬಾಗಿಲಿಗೆ ಅಟ್ಟದ ಮೇಲಿದ್ದ ಹಳೆಯ ಕಿಟಕಿಯ ಚೌಕಟ್ಟು ಉಪಯೋಗವಾಯಿತು. ಅದಕ್ಕೆ ಮೇಲೊಂದು ಕೆಳಗೊಂದು ಎರಡು ಚಿಲಕಗಳು. ಒಂದೇ ಚಿಲಕವಿದ್ದರೆ ಇನ್ನೊಂದು ಮೂಲೆಯನ್ನು ನಾಯಿ ಮೂತಿಯಿಂದ ಒತ್ತಿ ಎಡೆಮಾಡಿಕೊಳ್ಳುತ್ತದೆ. ಬಾಗಿಲಿನ ಕೆಳಗೆ ಹೆಬ್ಬೆರಳಿಗಿಂತ ಹೆಚ್ಚಿನ ಸಂದಿ ಇರಕೂಡದು.

ಒಳಗಿನ ಏರ್ಪಾಡು

ಕೋಳಿಯು ರಾತ್ರಿ ನೆಲದಲ್ಲಿ ಮಲಗಲು ಬಯಸುವುದಿಲ್ಲ. ಪಕ್ಕಾಸಿನ ಮೇಲೆ ಹಾರಿ ಕುಳಿತು ಜೀವ ಉಳಿಸಿಕೊಂಡ ಮರಿಯು ಅದನ್ನು ನಮಗೆ ಕಲಿಸಿತು. ಎರಡು ಅಂಗುಲ ದಪ್ಪದ ಕೋಲುಗಳನ್ನು ನೆಲದಿಂದ ಎರಡಡಿ ಎತ್ತರದಲ್ಲಿ, ಒಂದಕ್ಕೊಂದು ಒಂದಡಿ ಅಂತರವಿಟ್ಟು ಅಡ್ಡಲಾಗಿ ಕಟ್ಟಬೇಕು. ಕೋಳಿಯೊಂದಕ್ಕೆ ಎಂಟು ಅಂಗುಲದಷ್ಟು ಕೋಲು ಬೇಕು. ಹರಿತವಾದ ಅಂಚುಗಳನ್ನು ಕೆತ್ತಿ ದುಂಡಗೆ ಮಾಡಬೇಕು, ಇಲ್ಲವಾದರೆ ಪಾದಕ್ಕೆ ಗಾಯವಾಗಿ ಬಾವು ಬರುತ್ತದೆ. ಬಿದಿರು ನುಣುಪಾದುದರಿಂದ ಹಿಡಿತ ಸಾಲದು. ಸಿಪ್ಪೆಯಿರುವ ಗೊಬ್ಬರದ ಗಿಡದ ಕೊಂಬೆಯೇ ಲೇಸು.

ಮೊಟ್ಟೆಯಿಡಲು ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಒಂದು ಅಡಿ ಉದ್ದಗಲದ ಪೆಟ್ಟಿಗೆ ಸಾಕು. ಹಳೆಯ ಹಣ್ಣಿನ ಪೆಟ್ಟಿಗೆಗಳನ್ನು ಗೋದಲಿಯ ಮೇಲೆ ಸಾಲಾಗಿ ಇಟ್ಟು ಒಳಗೆ ಬೈಹುಲ್ಲು ಹಾಸಿದೆವು. ಹಸು ಹುಲ್ಲು ತಿಂದ ಜಾಗದಲ್ಲಿಯೇ ಹೇಂಟೆ ಮೊಟ್ಟೆಯಿಡತೊಡಗಿತು. ಪೆಟ್ಟಿಗೆಗಳು ಕೂರುವ ಕೋಲಿಗಿಂತ ತಗ್ಗಿನಲ್ಲಿಯೂ ಮಬ್ಬು ಬೆಳಕಿನಲ್ಲಿಯೂ ಇರಬೇಕು. ಎತ್ತರದಲ್ಲಿದ್ದರೆ ಅವು ಅಲ್ಲಿಯೇ ಮಲಗಿ ಪೆಟ್ಟಿಗೆಯನ್ನು ಹೊಲಸು ಮಾಡುತ್ತವೆ.

ನೆಲದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಒಣಗಿದ ಮೇಲೆ ಮೂರು ನಾಲ್ಕು ಅಂಗುಲ ಉಮಿಯನ್ನು ಹರಡಿದೆವು. ಮರದ ಹೊಟ್ಟನ್ನೂ ಬಳಸಬಹುದು. ವಾರಕ್ಕೆರಡು ಬಾರಿ ಹಾಸನ್ನು ಕೆದಕಿ ತಿರುವುವುದು ಅಗತ್ಯ. ಒಂದು ಹಿಡಿ ಎತ್ತಿ ಹಿಸುಕಿದಾಗ ಮುದ್ದೆಯಾಗಿ ನಿಂತರೆ ತೇವ ಹೆಚ್ಚಿದೆಯೆಂದರ್ಥ, ಉದುರಿದರೆ ಸರಿಯಾಗಿದೆ. ತೆಗೆದ ಹಾಸನ್ನು ಹಸಿಯಾಗಿಯೇ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಗೊಬ್ಬರದ ಗುಂಡಿಯಲ್ಲಿ ಸೊಪ್ಪಿನೊಂದಿಗೆ ಕೆಲವು ತಿಂಗಳು ಕೊಳೆತ ಬಳಿಕ ತೆಂಗು, ಕಂಗು, ಕಾಳುಮೆಣಸಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ಸಿಗುವುದು ಕಷ್ಟ. ಹಸು ಹೋದ ಮೇಲೆ ಸೆಗಣಿಯಿಲ್ಲದೆ ಬಡವಾಗಿದ್ದ ನಮ್ಮ ಗುಂಡಿಗೆ ಇದರಿಂದ ಮತ್ತೆ ಕೆಲಸ ಸಿಕ್ಕಿತು.

ಲೆಕ್ಕದ ಪುಸ್ತಕದಿಂದ

ವಾಚಕ ಬಂಧುಗಳು ಖರ್ಚಿನ ವಿವರವನ್ನು ಕೇಳದೆ ಇರಲಾರರು. 2022ರ ಕೊನೆಯಲ್ಲಿ ನಾವು ಮಾಡಿದ ವೆಚ್ಚ ಹೀಗಿದೆ: ಬಲೆಗೆ 4,950 ರೂಪಾಯಿ, ಬಿಜಾಗರಿ, ಚಿಲಕ, ಆಣಿ, ತಂತಿಗಳಿಗೆ 780, ಒಂದು ಚೀಲ ಸಿಮೆಂಟಿಗೆ 420, ಸುಣ್ಣಕ್ಕೆ 150, ಬಡಗಿಯ ಒಂದು ದಿನದ ಕೂಲಿ 1,200, ನೀರು ಮತ್ತು ಕಾಳಿನ ಪಾತ್ರೆಗಳಿಗೆ 350, ಉಮಿಗೆ 300. ಒಟ್ಟು 8,150 ರೂಪಾಯಿ. ಇದರಲ್ಲಿ ನೂರಕ್ಕೆ ಅರವತ್ತು ಪಾಲು ಬಲೆಯದೇ. ಊರಿಂದೂರಿಗೆ ಬೆಲೆಗಳು ವ್ಯತ್ಯಾಸವಾಗಬಹುದು, ಆದರೆ ಈ ಪ್ರಮಾಣ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಹೊಸದಾಗಿ ಗೋಡೆ ಮಾಡುಗಳನ್ನು ಕಟ್ಟಿಸಲು ಹೊರಟಿದ್ದರೆ ಈ ಹಣ ಕಲ್ಲಿಗೇ ಸಾಲುತ್ತಿರಲಿಲ್ಲ.

ಆದಾಯದ ವಿಷಯದಲ್ಲಿಯೂ ಉತ್ಪ್ರೇಕ್ಷೆ ಸಲ್ಲದು. ನಮ್ಮ 12 ಹೇಂಟೆಗಳಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು ಮೊಟ್ಟೆಗಳು ದೊರೆಯುತ್ತವೆ. ಆಟಿಯ ಮಬ್ಬಿನಲ್ಲಿಯೂ ಪುಕ್ಕ ಉದುರಿಸುವ ಕಾಲದಲ್ಲಿಯೂ ಕಡಿಮೆ. ಮನೆಯಲ್ಲಿ ಬಳಸಿದುದನ್ನೂ ಸೇರಿಸಿ ಮೊಟ್ಟೆಗೆ 10 ರೂಪಾಯಿಯಂತೆ ದಿನಕ್ಕೆ 50 ರೂಪಾಯಿ. ಹೊರಗೆ ಮೇಯುವ ಕೋಳಿಗೆ ನಾವು ಸಂಜೆ ಕೊಡುವ ಆಹಾರ ತಲಾ 50 ಗ್ರಾಂ, ಅದಕ್ಕೆ ದಿನಕ್ಕೆ 23 ರೂಪಾಯಿ ಖರ್ಚು. ಉಳಿಯುವುದು 27 ರೂಪಾಯಿ. ಅಂದರೆ ಮೊಟ್ಟೆಯಿಡಲು ತೊಡಗಿದ ಮೇಲೆ ಗೂಡಿನ ಖರ್ಚು ತೀರಲು ಹತ್ತು ತಿಂಗಳು, ಕೋಳಿಗಳ ಬೆಲೆ ತೀರಲು ಇನ್ನೆರಡು ತಿಂಗಳು ಬೇಕು. ಇದು ವ್ಯಾಪಾರವಲ್ಲ, ಮನೆಯ ಊಟಕ್ಕೊಂದು ಆಸರೆ. ನಷ್ಟವಂತೂ ಇಲ್ಲ.

ಯಾವ ಕೋಳಿ, ಯಾವ ಮದ್ದು

ಊರ ಕೋಳಿಯು ವರ್ಷಕ್ಕೆ 60ರಿಂದ 80 ಮೊಟ್ಟೆಗಳನ್ನು ಇಡುತ್ತದೆ, ಆದರೆ ಚೆನ್ನಾಗಿ ಕಾವು ಕೂರುತ್ತದೆ, ಅಪಾಯ ಕಂಡರೆ ಹಾರುತ್ತದೆ. ಉತ್ತರ ಮಲಬಾರಿನ ತಲಶ್ಶೇರಿ ಕೋಳಿಯು ಇಂಥ ನಾಟಿ ತಳಿಗಳಲ್ಲಿ ಹೆಸರಾದುದು. ಸುಧಾರಿತ ತಳಿಗಳಲ್ಲಿ ಮಣ್ಣುತ್ತಿಯ ಗ್ರಾಮಲಕ್ಷ್ಮಿ ಮತ್ತು ಗ್ರಾಮಶ್ರೀ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರಾ, ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ ಹಿತ್ತಿಲಿಗೆ ಒಗ್ಗುತ್ತವೆ. ಇವು ಹೆಚ್ಚು ಮೊಟ್ಟೆಗಳನ್ನು ಕೊಡುತ್ತವೆ, ಆದರೆ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಒಂದೆರಡು ಊರ ಹೇಂಟೆಗಳನ್ನು ಜೊತೆಗಿಟ್ಟುಕೊಂಡರೆ ಆ ಕೊರತೆ ನೀಗುತ್ತದೆ. ಹೊಸಬರು ಒಂದು ದಿನದ ಮರಿಗಳನ್ನು ತರುವ ಸಾಹಸಕ್ಕೆ ಹೋಗದೆ, ಆರರಿಂದ ಎಂಟು ವಾರ ದಾಟಿದ, ಲಸಿಕೆ ಹಾಕಿಸಿದ ಮರಿಗಳನ್ನೇ ತರುವುದು ಕ್ಷೇಮಕರ. ಎಳೆಯ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮಳೆಗಾಲದಲ್ಲಿ, ವಿದ್ಯುತ್ ಕೈಕೊಡುವ ಊರುಗಳಲ್ಲಿ ಇದು ಸುಲಭವಲ್ಲ.

ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ ರಾಣಿಖೇತ್ ರೋಗವು ಬಂದರೆ ಮದ್ದಿಲ್ಲ. ಬಾರದಂತೆ ತಡೆಯುವ ಲಸಿಕೆ ಮಾತ್ರ ಇದೆ. ಮೊದಲ ವಾರದಲ್ಲಿ ಒಮ್ಮೆ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ ಹನಿಗಳನ್ನು ಹಾಕಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು ಕೊಡಿಸುವುದು ವಾಡಿಕೆ. ಗಂಬೋರೊ ಮತ್ತು ಸಿಡುಬಿನ ಲಸಿಕೆಗಳನ್ನು ಕುರಿತು ಹತ್ತಿರದ ಪಶುವೈದ್ಯರನ್ನು ಕೇಳಿಕೊಳ್ಳಬೇಕು. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಬರಿಗೈಯಿಂದ ಮುಟ್ಟದೆ, ತಿನ್ನದೆ, ಮಾರದೆ ಕೂಡಲೇ ಮೃಗಾಸ್ಪತ್ರೆಗೆ ತಿಳಿಸಬೇಕು. 2014ರಲ್ಲಿ ಆಲಪ್ಪುಳ ಕಡೆಯ ಬಾತುಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ಮೇಲೆ ಕೇರಳದಲ್ಲಿ ಆ ಎಚ್ಚರ ಎಲ್ಲರಿಗೂ ಅವಶ್ಯವಾಗಿದೆ.

ಇನ್ನೊಂದು ಮಾತು. ಕಾಳನ್ನು ಮುಚ್ಚಳವಿರುವ ಡಬ್ಬದಲ್ಲಿಯೇ ಇಡಬೇಕು. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಇಲಿಜ್ವರದ ಭಯವೂ ನಮ್ಮ ಕಡೆ ಇದ್ದೇ ಇದೆ.

ಬೇರೆ ಸೀಮೆಯ ಬಂಧುಗಳಿಗೆ

ಈವರೆಗೆ ಹೇಳಿದುದು ಮಳೆನಾಡಿನ ಅನುಭವ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನಮ್ಮವರಿಗೆ ಮಳೆಗಿಂತ ಬೇಸಗೆಯ ಝಳವೇ ದೊಡ್ಡ ವೈರಿ. ಅಲ್ಲಿಯ ದನದ ಕೊಟ್ಟಿಗೆಯ ತಗಡಿನ ಮೇಲೆ ಸುಣ್ಣ ಬಳಿದು ಜೋಳದ ಕಣಿಕೆಯನ್ನು ಹೊದಿಸಿದರೆ ಒಳಗಿನ ಕಾವು ತಗ್ಗುತ್ತದೆ. ಮಧ್ಯಾಹ್ನ ಪಡುವಣ ಬದಿಗೆ ಒದ್ದೆ ಗೋಣಿಯನ್ನು ಇಳಿಬಿಟ್ಟು, ಮಣ್ಣಿನ ಪಾತ್ರೆಯಲ್ಲಿ ತಣ್ಣೀರನ್ನು ಎರಡು ಮೂರು ಸಲ ಬದಲಾಯಿಸಬೇಕು. ನೀಲಗಿರಿಯವರು ಚಳಿಗಾಳಿ ಬೀಸುವ ಬದಿಗೆ ರಾತ್ರಿ ಗೋಣಿಪರದೆ ಕಟ್ಟಿ, ಮೇಲ್ಗಡೆಯ ಒಂದು ಗೇಣು ತೆರಪನ್ನು ಮಾತ್ರ ಗಾಳಿಗೆ ಬಿಡಬೇಕು. ಬಲೆ ಮತ್ತು ಚಿಲಕಗಳ ಮಾತು ಎಲ್ಲ ಸೀಮೆಗಳಿಗೂ ಒಂದೇ.

ಮುಸ್ಸಂಜೆಯ ಎಣಿಕೆ

2022ರ ಡಿಸೆಂಬರಿನಲ್ಲಿ ಹೊಸ ಗೂಡಿಗೆ ಹನ್ನೊಂದು ಮರಿಗಳು ಬಂದವು. ಪಕ್ಕಾಸಿನ ಮೇಲೆ ಬದುಕಿ ಉಳಿದಿದ್ದ ಮರಿಯು ಆಗ ದೊಡ್ಡ ಹೇಂಟೆಯಾಗಿತ್ತು. ಅದರೊಂದಿಗೆ ಲೆಕ್ಕ ಹನ್ನೆರಡಾಯಿತು. ಮೊದಲ ವಾರ ಅವನ್ನು ಹೊರಗೆ ಬಿಡದೆ ಗೂಡಿನಲ್ಲಿಯೇ ಇಟ್ಟೆವು. ಹಾಗೆ ಮಾಡಿದರೆ ತಮ್ಮ ಮನೆ ಯಾವುದೆಂದು ಅವು ಗುರುತಿಟ್ಟುಕೊಂಡು ಸಂಜೆ ತಾವಾಗಿಯೇ ಹಿಂದಿರುಗುತ್ತವೆ. ಬಳಿಕ ಬಂದ ಆಟಿ ತಿಂಗಳಲ್ಲಿ ಒಂದು ರಾತ್ರಿ ಹಟ್ಟಿಯ ಮಾಡಿನ ಮೇಲೆ ಹಂಚು ಸರಿದ ಸದ್ದಾಯಿತು. ನಮ್ಮವರು ಟಾರ್ಚು ಹಿಡಿದು ಓಡಿದರು, ಹಿಂದೆಯೇ ಅತ್ತೆಯವರು. ಎರಡು ಹಂಚುಗಳು ಪಕ್ಕಕ್ಕೆ ಸರಿದಿದ್ದವು. ಅವುಗಳ ಕೆಳಗೆ ಬಲೆಯು ಬಿಗಿಯಾಗಿಯೇ ಇತ್ತು. ಕೋಳಿಗಳು ಕೋಲಿನ ಮೇಲೆ ಕುಳಿತು ಬೆಳಕಿಗೆ ಕಣ್ಣು ಪಿಳುಕಿಸುತ್ತಿದ್ದವು.

ಅತ್ತೆಯವರು ಈಗಲೂ ದೀಪ ಹೊತ್ತಿಸುವ ಹೊತ್ತಿಗೆ ಹಟ್ಟಿಗೆ ಹೋಗುತ್ತಾರೆ. ಕಾಳು ಚೆಲ್ಲಿ ‘ಬಾ, ಬಾ’ ಎಂದು ಕರೆಯುತ್ತಾರೆ, ಒಂದೊಂದನ್ನೇ ಎಣಿಸಿ ಒಳಗೆ ಮಾಡುತ್ತಾರೆ, ಕೆಳಗಿನ ಚಿಲಕ, ಮೇಲಿನ ಚಿಲಕ, ಎರಡನ್ನೂ ಹಾಕಿ ಒಮ್ಮೆ ಎಳೆದು ನೋಡುತ್ತಾರೆ. ಮೊಟ್ಟೆ ಮಾರಿದ ಹಣ ಅವರದೇ. ಅದರ ಲೆಕ್ಕವನ್ನು ನಾನು ಕೇಳುವುದಿಲ್ಲ. ಕಳೆದ ವಿಷುವಿನಂದು ಮೊಮ್ಮಗಳ ಕೈಯಲ್ಲಿ ಇಟ್ಟ ನೋಟು ಆ ಗಂಟಿನಿಂದ ಬಂದುದು.

ನಿಮ್ಮ ಹಿತ್ತಿಲಿನಲ್ಲಿಯೂ ಬರಿದಾದ ಹಟ್ಟಿಯೋ ಕೊಟ್ಟಿಗೆಯೋ ಇದ್ದರೆ, ಮನೆಯಲ್ಲಿ ಕೆಲಸಕ್ಕೆ ಕಾದ ಕೈಗಳಿದ್ದರೆ, ಅದನ್ನು ಕೆಡಹುವ ಮುನ್ನ ಒಮ್ಮೆ ಒಳಗೆ ನಿಂತು ನೋಡಿರಿ. ಗೋಡೆಯೂ ಮಾಡೂ ಹಿರಿಯರು ಕೊಟ್ಟುಹೋದವು. ಬಲೆಯನ್ನು ಮಾತ್ರ ನೀವು ಗಟ್ಟಿಯಾದುದನ್ನೇ ತನ್ನಿರಿ.